ಪರದೇಶಕ್ಕೆ ಕಳುಹಿಸುವುದಿಲ್ಲ ಎಂಬ ಜಾಣತನ

ಅಂತರ್ಜಾಲದ ಹರಾಜುಕಟ್ಟೆಯಲ್ಲಿ ಹಳೆಯ ಮಸಿಲೇಖನಿಯನ್ನೋ, ಕ್ಯಾಮರಾದ ಮಸೂರವನ್ನೋ, ಅಚ್ಚು ನಿಂತುಹೋದ ಗ್ರಂಥವನ್ನೋ ಅರಸುತ್ತ ಹೋಗುವ ಕನ್ನಡಿಗನಿಗೆ, ವಸ್ತುವಿನ ವರ್ಣನೆಯನ್ನು ಓದಿ, ಚಿತ್ರಗಳನ್ನು ನೋಡಿ ಮುಗಿಸಿ, ತನ್ನ ಶಕ್ತ್ಯನುಸಾರ ಒಂದು ಮೊತ್ತವನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಅಡಿಯಲ್ಲಿ ಒಂದು ವಾಕ್ಯ ಎದುರಾಗುವುದುಂಟು: ಸ್ವದೇಶದೊಳಗೆ ಮಾತ್ರ ಕಳುಹಿಸಲಾಗುವುದು, ಹೊರದೇಶದವರು ವಿಚಾರಿಸಬಾರದು. ಈ ವಾಕ್ಯವನ್ನು ಬರೆದವನಿಗಿಂತ, ಅದನ್ನು ಓದಿ "ಪಾಪ, ಅವನಾದರೂ ಏನು ಮಾಡಿಯಾನು" ಎಂದು ತಲೆದೂಗುವ ಲೋಕದ ಮೇಲೆ ನನ್ನ ಆಕ್ಷೇಪ ಹೆಚ್ಚು. ಮೋಸದ ಭಯ, ಪಾರ್ಸೆಲ್ ಕಳೆದುಹೋಗುವ ಭಯ, ಸುಂಕದವರ ಕಾಟ, ಕಾಗದಪತ್ರಗಳ ತಾಪತ್ರಯ, ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ವಿಚಾರಣೆ ಮುಗಿಯಿತು, ತೀರ್ಪು ಮಾರುವವನ ಪರವಾಯಿತು. ಅವನ ಈ ನಡೆಗೆ ವ್ಯವಹಾರಜ್ಞಾನವೆಂದು ಹೆಸರಿಟ್ಟಿದ್ದೇವೆ. ಆ ಹೆಸರಿನ ಮರೆಯಲ್ಲಿ ಇರತಕ್ಕದ್ದು ಒಂದಿಷ್ಟು ಆಲಸ್ಯ, ಒಂದಿಷ್ಟು ಅಜ್ಞಾನ, ಮತ್ತು ಪರದೇಶದವರ ಮೇಲೆ ಪರೀಕ್ಷಿಸದೆ ಇಟ್ಟುಕೊಂಡ ಅಪನಂಬಿಕೆ ಎಂಬುದೇ ನನ್ನ ವಾದ.

ಮೊದಲಿಗೆ, ಇದು ವ್ಯವಹಾರಜ್ಞಾನವೇ ಎಂದು ವ್ಯವಹಾರದ ದೃಷ್ಟಿಯಿಂದಲೇ ಕೇಳಿ ನೋಡೋಣ. ಅಂಗಡಿಯವನಿಗೆ ತನ್ನ ಸರಕಿನ ಬೆಲೆ ಗೊತ್ತು. ಹರಾಜು ಹಾಕುವವನಿಗೆ ಅದು ಗೊತ್ತಿಲ್ಲ. ಆದಕಾರಣವೇ ಅವನು ಕೊಳ್ಳುವ ಆಸೆಯುಳ್ಳವರನ್ನೆಲ್ಲ ಒಂದೆಡೆ ಕೂಡಿಸಿ, ಅವರ ಪೈಪೋಟಿಯಿಂದ ಬೆಲೆಯನ್ನು ಕಂಡುಕೊಳ್ಳುತ್ತಾನೆ. ಹರಾಜುಗಳ ಒಳಗುಟ್ಟನ್ನು 1961ರ ಪ್ರಬಂಧವೊಂದರಲ್ಲಿ ವಿಶ್ಲೇಷಿಸಿ, 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದ ವಿಲಿಯಂ ವಿಕ್ರಿಯ ವಿಚಾರಸರಣಿಯಿಂದ ತಿಳಿದುಬರುವ ಒಂದು ಸಂಗತಿಯನ್ನು ನಮ್ಮ ಸಂತೆಯ ದನದ ದಲ್ಲಾಳಿಯೂ ಬಲ್ಲ: ಏರುಸವಾಲಿನಲ್ಲಿ ವಸ್ತು ಯಾರ ಪಾಲಾಗಬೇಕೆಂಬುದನ್ನು ಎಲ್ಲರಿಗಿಂತ ಹೆಚ್ಚು ಆಸೆಪಟ್ಟವನು ನಿರ್ಧರಿಸಿದರೆ, ಅದರ ಬೆಲೆ ಎಷ್ಟೆಂಬುದನ್ನು ನಿರ್ಧರಿಸತಕ್ಕವನು ಅವನ ಹಿಂದೆ ನಿಂತ ಎರಡನೆಯವನು. ಈಬೇ ಎಂಬ ಅಂತರ್ಜಾಲದ ಹರಾಜುಕಟ್ಟೆಯ ಯಂತ್ರ ಮಾಡುವುದೂ ಇದನ್ನೇ. ನಾವು ನಮ್ಮ ಗರಿಷ್ಠ ಮೊತ್ತವನ್ನು ಅದರ ಕಿವಿಯಲ್ಲಿ ಹೇಳಿಟ್ಟರೆ, ಅದು ಎರಡನೆಯವನ ಮೊತ್ತಕ್ಕಿಂತ ಒಂದು ಮೆಟ್ಟಿಲು ಮೇಲೆ ನಮ್ಮನ್ನು ನಿಲ್ಲಿಸುತ್ತದೆ. ಎಲ್ಲರಿಗೂ ಬೇಕಾದ ವಸ್ತುವಿಗೆ ಆ ಎರಡನೆಯವನು ಪಕ್ಕದ ಬೀದಿಯಲ್ಲಿಯೇ ಸಿಕ್ಕಾನು. ಆದರೆ ಎಪ್ಪತ್ತು ವರ್ಷಗಳ ಹಿಂದಿನ ಲೇಖನಿಯ ಮುರಿಯದೆ ಉಳಿದ ಮುಚ್ಚಳಕ್ಕೋ, ತಯಾರಿಕೆ ನಿಂತ ಕ್ಯಾಮರಾದ ತಿರುಪಿಗೋ ಸಮಸ್ತ ಭೂಮಂಡಲದಲ್ಲಿ ಗಿರಾಕಿಗಳು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬನು ಟೆಕ್ಸಾಸಿನಲ್ಲಿದ್ದರೆ ಇನ್ನೊಬ್ಬನು ಒಸಾಕದಲ್ಲಿಯೋ ಧಾರವಾಡದಲ್ಲಿಯೋ ಇರಬಹುದು. ಆ ಇನ್ನೊಬ್ಬನನ್ನು ಬಾಗಿಲ ಹೊರಗೆ ನಿಲ್ಲಿಸಿ, ಒಳಗಿರುವ ಒಬ್ಬನೇ ಒಬ್ಬನು ತನ್ನೊಡನೆ ತಾನೇ ಪೈಪೋಟಿ ನಡೆಸಲಿ ಎಂದು ಕಾದು ಕೂರುವುದು ಎಂಥ ಜಾಣತನ? ವಸ್ತು ಆರಂಭದ ಬೆಲೆಗೇ ಬಿಕರಿಯಾದ ಮೇಲೆ "ಈಗ ಹರಾಜಿನಲ್ಲಿ ಹುರುಳಿಲ್ಲ, ಕಾಲ ಕೆಟ್ಟಿತು" ಎಂದು ನಿಟ್ಟುಸಿರು ಬಿಡುವವನು ಕೆಟ್ಟದ್ದು ಕಾಲವೋ ತನ್ನ ಲೆಕ್ಕವೋ ಎಂದು ಒಮ್ಮೆಯಾದರೂ ಯೋಚಿಸಿದ್ದಾನೆಯೆ?

ಈ ಹರಾಜುಕಟ್ಟೆಯ ಆದಿಪರ್ವವನ್ನೂ ಅವನು ಮರೆತಿದ್ದಾನೆ. ಇರಾನಿ ತಂದೆತಾಯಿಗಳಿಗೆ ಪ್ಯಾರಿಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪಿಯರ್ ಒಮಿದ್ಯಾರ್ 1995ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಇದನ್ನು ತೆರೆದಾಗ ಪ್ರಥಮ ಮಾರಾಟವಾಗಿ ಹೋದದ್ದು ಕೆಟ್ಟುನಿಂತ ಒಂದು ಲೇಸರ್ ಸೂಚಕ. ಬೆಲೆ 14.83 ಡಾಲರು. ಕೊಂಡವನು ಕೆನಡಾದವನು! ಇಂದಿನ ಜಾಣರ ನಿಯಮ ಅಂದು ಜಾರಿಯಲ್ಲಿದ್ದಿದ್ದರೆ ಈ ಕಟ್ಟೆಯ ಬೋಣಿಯೇ ಆಗುತ್ತಿರಲಿಲ್ಲ.

ಇನ್ನು ಮೋಸದ ಮಾತು. ಈ ಶತಮಾನದ ಆದಿಯಲ್ಲಿ ನಕಲಿ ಬ್ಯಾಂಕ್ ಚೆಕ್ಕುಗಳು, ಕದ್ದ ಕಾರ್ಡುಗಳು, ಹಣ ಸಂದಾಯವಾಯಿತೆಂದು ನಟಿಸುವ ಸುಳ್ಳು ಮಿಂಚಂಚೆಗಳು ಗಡಿಯಾಚೆಯಿಂದ ಬಂದು ಹಲವು ಮಾರಾಟಗಾರರ ಕೈ ಸುಟ್ಟದ್ದು ನಿಜ. ಆಗ ಹಣವು ಕೊಳ್ಳುವವನ ಕೈಯಿಂದ ಮಾರುವವನ ಕೈಗೆ ನಾನಾ ಮಾರ್ಗಗಳಲ್ಲಿ ಸಾಗುತ್ತಿತ್ತು, ಸಾಚಾತನವನ್ನು ಪರೀಕ್ಷಿಸುವ ಭಾರ ಮಾರುವವನ ತಲೆಯ ಮೇಲೆಯೇ ಇತ್ತು. ಈಗ ಹಣವನ್ನು ಹರಾಜು ಸಂಸ್ಥೆಯೇ ಮೊದಲು ವಸೂಲು ಮಾಡಿಕೊಂಡು ಅನಂತರ ಪಾವತಿಸುತ್ತದೆ. ಪಾರ್ಸೆಲ್ ತಲುಪಿತೆಂದು ಟ್ರ್ಯಾಕಿಂಗ್ ಸಂಖ್ಯೆ ಸಾಕ್ಷಿ ನುಡಿದರೆ, ತಲುಪಲಿಲ್ಲವೆಂಬ ದೂರು ನಿಲ್ಲುವುದಿಲ್ಲ. ಭಯದ ಕಾರಣ ಕಾಲವಾಗಿ ವರ್ಷಗಳು ಕಳೆದರೂ ಭಯವನ್ನು ಮಾತ್ರ ಪಿತ್ರಾರ್ಜಿತ ಆಸ್ತಿಯೆಂಬಂತೆ ಕಾಪಾಡಿಕೊಂಡು ಬಂದಿರುವುದಕ್ಕೆ ಏನೆನ್ನಬೇಕು? ಮೋಸಗಾರರು ಇಂದಿಗೂ ಇದ್ದಾರೆ. ಹೊಸ ಯಂತ್ರವನ್ನು ಇಟ್ಟುಕೊಂಡು ತನ್ನ ಹಳೆಯ, ಕೆಟ್ಟ ಯಂತ್ರವನ್ನು ಅದೇ ಪೆಟ್ಟಿಗೆಯಲ್ಲಿ ಹಿಂದಿರುಗಿಸುವ ಮಹಾಶಯನು ಓಹಾಯೋದಲ್ಲಿಯೂ ಇರುತ್ತಾನೆ. ಅವನ ದೆಸೆಯಿಂದ "ಓಹಾಯೋಗೆ ಕಳುಹಿಸುವುದಿಲ್ಲ" ಎಂದು ಯಾವ ಮಾರಾಟಗಾರನೂ ಬರೆದದ್ದನ್ನು ನಾನು ಕಂಡಿಲ್ಲ. ಸ್ವದೇಶದ ಕಳ್ಳ ಒಬ್ಬ ವ್ಯಕ್ತಿ, ಪರದೇಶದ ಕಳ್ಳ ಇಡೀ ಒಂದು ರಾಷ್ಟ್ರ! ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡವನನ್ನು ನಮ್ಮ ಹಿರಿಯರು ಹಾಸ್ಯಮಾಡುತ್ತಿದ್ದರು. ಈತನು ನೆಗಡಿ ಬಂದೀತೆಂದು ಮುಂಚಿತವಾಗಿಯೇ ಕೊಯ್ದುಕೊಂಡಿದ್ದಾನೆ.

ಈ ಕೊಯ್ತ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾರಾಟಗಾರನ ಮುಂದೆ ಬಹಿಷ್ಕಾರದ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಖಂಡಗಳ ಹೆಸರುಗಳು, ಪ್ರತಿಯೊಂದರ ಪಕ್ಕದಲ್ಲಿ ಒಂದು ಪುಟ್ಟ ಚೌಕ. ಆಫ್ರಿಕ ಎಂಬಲ್ಲಿ ಒಂದು ಗುರುತು ಹಾಕಿದರೆ ಐವತ್ತಕ್ಕೂ ಹೆಚ್ಚು ದೇಶಗಳು ಒಟ್ಟಿಗೆ ಹೊರಬಿದ್ದವು. ಏಷ್ಯ ಎಂಬಲ್ಲಿ ಇನ್ನೊಂದು ಗುರುತು ಹಾಕಿದರೆ, ಬೀದಿಯಲ್ಲಿ ಬಿದ್ದ ಹಣದ ಚೀಲವನ್ನು ಪೊಲೀಸ್ ಠಾಣೆಗೆ ಒಪ್ಪಿಸುವ ಪದ್ಧತಿಗಾಗಿ ಲೋಕವೆಲ್ಲ ಹೊಗಳುವ ಜಪಾನೂ, ನಮ್ಮ ಭಾರತವೂ ಮಾಯವಾದವು. ಅರ್ಧ ನಿಮಿಷದ ಕೆಲಸ. ಇದರಲ್ಲಿ ಪರಿಶೀಲನೆಯಿಲ್ಲ, ಅನುಭವವಿಲ್ಲ, ಯಾವ ಖರೀದಿದಾರನ ಪೂರ್ವಚರಿತ್ರೆಯ ವಿಚಾರಣೆಯೂ ಇಲ್ಲ. ಒಬ್ಬೊಬ್ಬ ಗಿರಾಕಿಯ ಕುರಿತು ಹಿಂದಿನ ಮಾರಾಟಗಾರರು ಏನು ಹೇಳಿದ್ದಾರೆಂಬುದನ್ನು ನೋಡುವ ಸೌಕರ್ಯ ಇದೇ ಕಟ್ಟೆಯಲ್ಲಿ ಇರುವಾಗ, ಅದನ್ನು ಬಿಟ್ಟು ಖಂಡಗಳನ್ನೇ ಅಳಿಸಿಹಾಕುವವನನ್ನು ಮುಂಜಾಗ್ರತೆಯ ಮನುಷ್ಯನೆಂದು ಕರೆಯುವುದು ನನ್ನಿಂದಾಗದು.

ಕಾಗದಪತ್ರಗಳ ತಾಪತ್ರಯವೆಂಬುದು ಮುಂದಿನ ದೂರು. ಯಾವ ಕಾಗದ, ಯಾವ ಪತ್ರ? ಸಿಎನ್ 22 ಎಂಬ ಸುಂಕದ ಚೀಟಿ ಅಂಗೈಯಗಲದ್ದು. ಇದು ಉಡುಗೊರೆಯೋ, ದಾಖಲೆಯೋ, ಮಾರಾಟದ ಸರಕೋ ಎಂದು ಕೇಳುವ ಕೆಲವು ಚೌಕಗಳು, ಒಳಗಿರುವುದೇನು, ತೂಕವೆಷ್ಟು, ಬೆಲೆಯೆಷ್ಟು, ತಯಾರಾದದ್ದು ಯಾವ ದೇಶದಲ್ಲಿ ಎಂಬ ನಾಲ್ಕು ಪ್ರಶ್ನೆಗಳು, ಕೆಳಗೆ ಒಂದು ರುಜು, ಒಂದು ತಾರೀಖು. ವಸ್ತುವಿನ ಗೀರುಗಳನ್ನೂ ಕಲೆಗಳನ್ನೂ ಹದಿನೈದು ಸಾಲುಗಳಲ್ಲಿ ಬಣ್ಣಿಸಿ, ಹನ್ನೆರಡು ಚಿತ್ರ ತೆಗೆದು, ಗ್ರಾಮಿನ ಮಟ್ಟಕ್ಕೆ ತೂಗಿ ಪ್ರಕಟಿಸುವ ಪಂಡಿತನಿಗೆ "ಹಳೆಯ ಲೇಖನಿ, ಒಂದು" ಎಂದು ಬರೆಯುವುದು ದುಸ್ತರವಾಯಿತೆ? ಅದನ್ನಾದರೂ ಈಗ ಅವನು ಕೈಯಾರೆ ಬರೆಯಬೇಕಾಗಿಲ್ಲ. ಅಂಚೆಚೀಟಿಯನ್ನು ಮನೆಯಲ್ಲಿಯೇ ಅಚ್ಚುಹಾಕಿಕೊಳ್ಳುವಾಗ ಮಾರಾಟದ ವಿವರದಿಂದಲೇ ಬಹುಮಟ್ಟಿಗೆ ಎಲ್ಲವನ್ನೂ ಯಂತ್ರ ತುಂಬಿಕೊಡುತ್ತದೆ.

ವೆಚ್ಚದ ಮಾತಿನಲ್ಲಿ ಮಾತ್ರ ಸ್ವಲ್ಪ ಸತ್ಯಾಂಶವಿದೆ, ಅದರ ಪಾಪ ಬೇರೆಯವರದು. ಅಮೆರಿಕದ ಅಂಚೆ ಇಲಾಖೆ 2007ರ ಮೇ ತಿಂಗಳಲ್ಲಿ ಹಡಗಿನ ಮೂಲಕ ಹೋಗುತ್ತಿದ್ದ ಅಗ್ಗದ ವಿದೇಶೀ ಪಾರ್ಸೆಲ್ ಸೇವೆಯನ್ನು ನಿಲ್ಲಿಸಿಬಿಟ್ಟಿತು. ತಿಂಗಳುಗಟ್ಟಲೆ ಕಾಯಲು ಸಿದ್ಧರಿದ್ದ ಪುಸ್ತಕಪ್ರೇಮಿಗಳು ಅಂದಿನಿಂದ ವಿಮಾನದ ದರವನ್ನೇ ತೆರಬೇಕಾಯಿತು. ಆದರೆ ಆ ದರವನ್ನು ತೆರುವವನು ಯಾರು? ಕೊಳ್ಳುವವನಲ್ಲವೆ? ನಲವತ್ತು ಡಾಲರಿನ ವಸ್ತುವಿಗೆ ಮೂವತ್ತು ಡಾಲರು ಅಂಚೆವೆಚ್ಚ ಕೊಡಲು ಅವನು ಒಪ್ಪಿರುವಾಗ, ಅವನ ಪರವಾಗಿ ಸಂಕಟಪಟ್ಟು "ನಿನಗೆ ಇದು ಬಹಳ ದುಬಾರಿಯಾಗುತ್ತದೆ" ಎಂದು ಮಾರುವುದನ್ನೇ ನಿರಾಕರಿಸುವ ಕರುಣಾಳುವನ್ನು ಕೊಂಡಾಡಬೇಕೋ, ಪರರ ಹಣದ ಚೀಲದ ಯಜಮಾನಿಕೆಯನ್ನು ನಿನಗೆ ವಹಿಸಿದವರಾರಯ್ಯ ಎಂದು ಕೇಳಬೇಕೋ?

ಇಷ್ಟು ತೊಂದರೆಯೂ ಬೇಡವೆನ್ನುವವನಿಗಾಗಿಯೇ ಒಂದು ರಾಜಮಾರ್ಗ ಸಿದ್ಧವಾಗಿದೆ. 2012ರಲ್ಲಿ ಬಂದ ಜಾಗತಿಕ ರವಾನೆಯ ಯೋಜನೆಯಲ್ಲಿಯೂ, ಹತ್ತು ವರ್ಷಗಳ ಅನಂತರ ಅಮೆರಿಕದಲ್ಲಿ ಅದರ ಸ್ಥಾನಕ್ಕೆ ಬಂದ ಈಬೇಯ ಸ್ವಂತ ಅಂತಾರಾಷ್ಟ್ರೀಯ ವ್ಯವಸ್ಥೆಯಲ್ಲಿಯೂ, ಮಾರುವವನು ತನ್ನ ಪಾರ್ಸೆಲ್ಲನ್ನು ಸ್ವದೇಶದೊಳಗಣ ಒಂದು ಕೇಂದ್ರಕ್ಕೆ ಕಳುಹಿಸಿದರೆ ಸಾಕು. ಮೊದಲನೆಯ ಯೋಜನೆಯ ಕೇಂದ್ರ ಕೆಂಟಕಿಯಲ್ಲಿತ್ತು, ಈಗಿನದರದು ಇಲಿನಾಯಿಯಲ್ಲಿದೆ. ಅಲ್ಲಿಂದ ಮುಂದಿನ ಸುಂಕ, ಸಾಗಾಣಿಕೆಗಳು ಮಾತ್ರವಲ್ಲ, ಕಳೆದುಹೋದರೆ, ಒಡೆದುಹೋದರೆ ಆಗುವ ನಷ್ಟವೂ ಅವನ ತಲೆಗೆ ಬರುವುದಿಲ್ಲ. ಎಂದಮೇಲೆ, ಇಲಿನಾಯಿಯ ನೆಂಟನಿಗೆ ಉಡುಗೊರೆ ಕಳುಹಿಸುವಷ್ಟೇ ಶ್ರಮದಿಂದ ಅವನು ಬೆಂಗಳೂರಿಗೂ ಮಾರಬಹುದು. ಈ ವ್ಯವಸ್ಥೆ ಕೊಳ್ಳುವವನ ಮೇಲೆ ಹೊರಿಸುವ ಶುಲ್ಕ ಕೆಲವೊಮ್ಮೆ ಕಣ್ಣು ಕತ್ತಲೆಗೊಳಿಸುತ್ತದೆ, ಅದು ಬೇರೆಯ ಜಗಳ. ಆದರೆ ಇದರಿಂದಲೂ ಹೊರಗೆ ಉಳಿದು "ಪರದೇಶದ ಗೊಡವೆಯೇ ಬೇಡ" ಎಂದು ಹಟ ಹಿಡಿದವನ ಬಾಯಲ್ಲಿ ಮೋಸ, ನಷ್ಟ, ಕಾಗದಪತ್ರ ಎಂಬ ಮೂರು ಮಾತುಗಳಿಗೂ ಅರ್ಥ ಉಳಿಯಲಿಲ್ಲ.

ಓದುವವನ ಕಡೆಯಿಂದ ನೋಡಿದರೆ ಈ ಹಟದ ಕ್ರೌರ್ಯ ತಿಳಿಯುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಿಂದ ಕನ್ನಡ ಪುಸ್ತಕಗಳನ್ನು ಅಚ್ಚುಹಾಕುತ್ತ ಬಂದಿತು. ಕಿಟೆಲ್ಲರ ನಿಘಂಟು, ಸುಮಾರು 70,000 ಪದಗಳ ಆ ಮಹಾಕಾರ್ಯ, 1894ರಲ್ಲಿ ಹೊರಬಂದುದು ಅಲ್ಲಿಂದಲೇ. ಆ ಮಿಷನ್ನಿನ ಪಾದ್ರಿಗಳು ಸ್ವದೇಶಕ್ಕೆ ಮರಳುವಾಗ ತಮ್ಮ ಪೆಟ್ಟಿಗೆಗಳಲ್ಲಿ ಕೊಂಡೊಯ್ದ ಪುಸ್ತಕಗಳು, ಪಂಚಾಂಗಗಳು, ಪಾಠಪುಸ್ತಕಗಳು ಜರ್ಮನಿ ಸ್ವಿಟ್ಜರ್ಲೆಂಡುಗಳ ಹಳೆಯ ಮನೆಗಳ ಅಟ್ಟದಿಂದ ಇಳಿದು ಹರಾಜಿಗೆ ಬಂದರೆ, ಕನ್ನಡದ ಒಂದಕ್ಷರವನ್ನೂ ಓದಲಾರದ ಆ ನಾಡಿನಲ್ಲಿ ಅವಕ್ಕೆ ಗಿರಾಕಿ ಯಾರು? ಅಟ್ಟವನ್ನು ಬರಿದು ಮಾಡಬೇಕೆಂದಿರುವ ಗೃಹಸ್ಥನು "ಜರ್ಮನಿಯೊಳಗೆ ಮಾತ್ರ" ಎಂದು ಬರೆದುಬಿಟ್ಟರೆ, ಆ ಗ್ರಂಥವನ್ನು ಓದಬಲ್ಲವರೆಲ್ಲರನ್ನೂ ಹೊರಗಿಟ್ಟು ಓದಲಾರದವರಿಗೆ ಮಾತ್ರ ಮಾರುತ್ತೇನೆಂದು ಸಾರಿದಂತಾಯಿತು. ಸವಾಲು ಕೂಗುವವರಿಲ್ಲದೆ ಹರಾಜು ಮುಗಿಯುತ್ತದೆ, ಪುಸ್ತಕ ರದ್ದಿಗೆ ಹೋಗುತ್ತದೆ. ಇದನ್ನೂ ವಿವೇಕವೆನ್ನಬೇಕೆ?

ಇನ್ನು ಸರ್ಕಾರಗಳ ಮಾತು. 1874ರ ಅಕ್ಟೋಬರ್ 9ರಂದು ಬರ್ನ್ ನಗರದಲ್ಲಿ 22 ದೇಶಗಳು ಸಹಿ ಹಾಕಿದ ಒಡಂಬಡಿಕೆಯ ಹೆಗ್ಗಳಿಕೆ, ಪತ್ರವ್ಯವಹಾರದ ಮಟ್ಟಿಗೆ ಅವುಗಳ ನೆಲವೆಲ್ಲ ಒಂದೇ ಅಂಚೆಪ್ರದೇಶವೆಂದು ಸಾರಿದ್ದು. ಭಾರತ ಅದರೊಳಕ್ಕೆ ಬಂದದ್ದು 1876ರಲ್ಲಿ. ಯುದ್ಧಗಳೂ ಕ್ರಾಂತಿಗಳೂ ಸಾಮ್ರಾಜ್ಯಗಳ ಪತನವೂ ಕೆಡಿಸದ ಆ ವ್ಯವಸ್ಥೆಯನ್ನು ಇಂದು ಸರ್ಕಾರಗಳು ಒಂದೊಂದಾಗಿ ಬಿಗಿಯುತ್ತಿವೆ. ಯೂರೋಪಿಯನ್ ಒಕ್ಕೂಟ 22 ಯೂರೋವರೆಗಿನ ಪಾರ್ಸೆಲ್ಲುಗಳಿಗಿದ್ದ ತೆರಿಗೆ ವಿನಾಯಿತಿಯನ್ನು 2021ರ ಜುಲೈಯಲ್ಲಿ ತೆಗೆದುಹಾಕಿತು. 2024ರ ಡಿಸೆಂಬರಿನಿಂದ ಸರಕಿನ ಸುರಕ್ಷತೆಗೆ ಒಕ್ಕೂಟದೊಳಗೆ ಒಬ್ಬ ಹೊಣೆಗಾರನಿರಬೇಕೆಂದಿತು. ಅಮೆರಿಕ 800 ಡಾಲರುಗಳವರೆಗಿನ ಸರಕಿಗಿದ್ದ ಸುಂಕವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಕೊನೆಗಾಣಿಸಿತು. ಅದರ ಮುನ್ನಾದಿನಗಳಲ್ಲಿಯೇ ನಮ್ಮ ಅಂಚೆ ಇಲಾಖೆಯೂ ಇತರ ಹಲವು ದೇಶಗಳ ಅಂಚೆಗಳೂ ಅಲ್ಲಿಗೆ ಸರಕು ಸ್ವೀಕರಿಸುವುದನ್ನು ನಿಲ್ಲಿಸಿದವು. ನಮ್ಮಲ್ಲಿ ಸೇವೆ ಪುನಃ ಆರಂಭವಾಗಲು ಅಕ್ಟೋಬರ್ ಬರಬೇಕಾಯಿತು. ಆಗ ಪತ್ರಿಕೆಗಳಲ್ಲಿ ಎಂಥ ಹಾಹಾಕಾರ! ಆ ಹಾಹಾಕಾರ ನ್ಯಾಯವೇ. ಆದರೆ ಸರ್ಕಾರವು ಆಜ್ಞೆಯಿಂದ ಬಾಗಿಲು ಮುಚ್ಚಿದರೆ ಅದು ಲೋಕದ ಅನಿಷ್ಟ, ಲಕ್ಷಾಂತರ ಮಾರಾಟಗಾರರು ಚೌಕಕ್ಕೊಂದು ಗುರುತು ಹಾಕಿ ಪ್ರತಿದಿನವೂ ಅದೇ ಬಾಗಿಲನ್ನು ಮುಚ್ಚಿದರೆ ಅದು ಲೋಕದ ಜಾಣತನ ಎಂಬ ಎರಡು ಅಳತೆ ಏಕೆ? ಯೂರೋಪಿನ ಹೊಸ ನಿಯಮವನ್ನು ಕೇಳಿದೊಡನೆ ಆ ಖಂಡವನ್ನೇ ಪಟ್ಟಿಯಿಂದ ಕಿತ್ತುಹಾಕಿದ ಹಳೆಯ ವಸ್ತುಗಳ ವ್ಯಾಪಾರಿಗಳು, ಪ್ರಾಚೀನ ವಸ್ತುಗಳನ್ನೂ ಸಂಗ್ರಾಹಕರ ವಸ್ತುಗಳನ್ನೂ ಆ ನಿಯಮ ಹೊರಗಿಟ್ಟಿದೆಯೆಂಬುದನ್ನು ಓದುವ ಶ್ರಮವನ್ನಾದರೂ ತೆಗೆದುಕೊಂಡಿದ್ದರೆ ಇಷ್ಟು ಹೇಳಬೇಕಾಗುತ್ತಿರಲಿಲ್ಲ.

ನಮ್ಮ ಮನೆಯ ಕಸವನ್ನೂ ಗುಡಿಸಬೇಕು. ಬೆಲೆಯನ್ನು ಅರ್ಧಕ್ಕಿಳಿಸಿ ಬರೆಯಿರಿ, ಉಡುಗೊರೆಯೆಂದು ನಮೂದಿಸಿರಿ ಎಂದು ಮಾರುವವನಿಗೆ ಬರೆಯುವ ಭಾರತೀಯ ಗಿರಾಕಿಗಳು ಅವನನ್ನು ಸುಳ್ಳು ಪ್ರಮಾಣದಲ್ಲಿ ಪಾಲುದಾರನಾಗೆಂದು ಕರೆಯುತ್ತಿದ್ದಾರೆ. 5,000 ರೂಪಾಯಿಯವರೆಗಿನ ಉಡುಗೊರೆಯನ್ನು ಸುಂಕವಿಲ್ಲದೆ ತರಿಸಿಕೊಳ್ಳುವ ಸೌಲಭ್ಯವನ್ನು ನಮ್ಮ ಸರ್ಕಾರ, ರಾಖಿಯನ್ನೂ ಜೀವರಕ್ಷಕ ಔಷಧಿಗಳನ್ನೂ ಬಿಟ್ಟು, 2019ರ ಡಿಸೆಂಬರಿನಲ್ಲಿ ರದ್ದುಪಡಿಸಿದ ಮೇಲಂತೂ ಈ ಸುಳ್ಳು ನಿಷ್ಪ್ರಯೋಜಕವೂ ಆಗಿದೆ. ಹಾಗೆಯೇ ನಮ್ಮ ಮಾರಾಟಗಾರರು. ಚನ್ನಪಟ್ಟಣದ ಅರಗಿನ ಬೊಂಬೆಯನ್ನೂ ಬೀದರಿನ ಬಿದರಿ ಹೂಜಿಯನ್ನೂ ಅಂತರ್ಜಾಲದಲ್ಲಿ ಇಟ್ಟು, ಡಲ್ಲಾಸಿನ ಕನ್ನಡಿಗ ಮಹಿಳೆ ಕೇಳಿದರೆ "ಇಂಡಿಯಾ ಬಿಟ್ಟು ಹೊರಗೆ ಕಳಿಸಲ್ಲ ಮೇಡಂ" ಎನ್ನುವವರೇ ಅಧಿಕ. ರಫ್ತಿಗೆ ಬೇಕಾದ ಸಂಕೇತಸಂಖ್ಯೆಯ ಶುಲ್ಕ 500 ರೂಪಾಯಿ. 2022ರಿಂದ ಡಾಕ್ ಘರ್ ನಿರ್ಯಾತ್ ಕೇಂದ್ರಗಳೆಂಬ ಹೆಸರಿನಲ್ಲಿ ಅಂಚೆಕಚೇರಿಗಳೇ ರಫ್ತಿನ ಕಾಗದಗಳನ್ನು ಮಾಡಿಕೊಡಲು ಆರಂಭಿಸಿವೆ, ಅಂಥವು ದೇಶದಲ್ಲಿ ಸಾವಿರಕ್ಕೂ ಮಿಕ್ಕಿವೆ. ನೂರು ವರ್ಷ ಮೀರಿದ ವಿಗ್ರಹವನ್ನು ಕಳುಹಿಸಬಾರದು, ದಂತವನ್ನು ಕಳುಹಿಸಬಾರದು, ಅದು ಕಾನೂನು, ಸರಿಯಾದ ಕಾನೂನು. ಬೊಂಬೆಗೆ ಯಾವ ಕಾನೂನು ಅಡ್ಡಬಂತು?

ಆದಕಾರಣ ಹರಾಜು ಸಂಸ್ಥೆಗಳು ಖಂಡಗಳನ್ನು ಅಳಿಸುವ ಆ ಚೌಕಗಳನ್ನು ಮೊದಲು ಕಿತ್ತುಹಾಕಲಿ. ನಿರಾಕರಿಸುವ ಹಕ್ಕು ಉಳಿಯಬೇಕೆಂದಾದರೆ ದೇಶದ ಹೆಸರನ್ನೂ ಕಾರಣವನ್ನೂ ಮಾರುವವನು ಒಂದೊಂದಾಗಿ ಬರೆಯುವಂತಾಗಲಿ. ನಮ್ಮ ಸುಂಕದ ಇಲಾಖೆ, ಹಳೆಯ ಪುಸ್ತಕಕ್ಕೆ ಎಷ್ಟು, ಹಳೆಯ ಮಸೂರಕ್ಕೆ ಎಷ್ಟು ಎಂಬುದನ್ನು ಸಾಮಾನ್ಯನಿಗೆ ತಿಳಿಯುವ ಕನ್ನಡದಲ್ಲಿ ಅಂಚೆಕಚೇರಿಯ ಗೋಡೆಯ ಮೇಲೆ ಬರೆಯಿಸಲಿ. ಕೊಳ್ಳುವ ನಾವು ಸುಳ್ಳು ಬೆಲೆ ಬರೆಯಿರೆಂದು ಕೇಳುವುದನ್ನು ಬಿಟ್ಟು, "ಹೊರದೇಶಕ್ಕೆ ಇಲ್ಲ" ಎಂದವನಿಗೆ ವಿನಯದಿಂದ ಒಂದು ಪತ್ರ ಬರೆದು, ಅಂಚೆವೆಚ್ಚವೂ ಸುಂಕವೂ ನಮ್ಮದು, ನಿಮ್ಮ ಅಡ್ಡಿ ಏನೆಂದು ತಿಳಿಸಿ ಎಂದು ಕೇಳೋಣ. ಹೇಳಲು ಕಾರಣವಿದ್ದವನು ಹೇಳಲಿ. ಇಲ್ಲದವನು ಆ ವಾಕ್ಯವನ್ನು ಇಂದೇ ಅಳಿಸಲಿ.